ಕೈಬಿಟ್ಟರೆ ಹೊಣೆಯೂ ಬಿಟ್ಟಿತೇ?

ಕೆಲವು ಸಮಯದ ಹಿಂದೆ ಒಂದು ವಲೀಮಾ ಔತಣಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಸಭಾಂಗಣದ ಹಿಂಬದಿಗೆ ಹೋದಾಗ ಅಲ್ಲೊಂದು ಕಬ್ಬಿಣದ ಮೇಜು ಕಂಡಿತು. ಕಾಲು ಮಡಚಿದರೆ ಟೆಂಪೋದಲ್ಲಿ ಹೇರಿಕೊಂಡು ಹೋಗಬಹುದಾದಂಥದು. ಮೇಲೆ ಹಲಗೆಯ ಬದಲು ತಂತಿಯ ಜಾಲರಿ, ಬದಿಯ ಕೊಕ್ಕೆಗಳಲ್ಲಿ ನಾಲ್ಕು ಗೋಣಿಚೀಲ, ಹಗ್ಗದಲ್ಲಿ ತೂಗುಬಿಟ್ಟ ಒಂದು ಅಯಸ್ಕಾಂತ, ಕೆಳಗೊಂದು ನೀರಿನ ಟಬ್ಬು. ಇಬ್ಬರು ಸ್ತ್ರೀಯರು ಅಲ್ಲಿ ನಿಂತು ನಮ್ಮ ಎಂಜಲನ್ನು ಬೇರ್ಪಡಿಸುತ್ತಿದ್ದರು.

ಸಲಕರಣೆ ಸರಳವಾದರೂ ಅದರ ಹಿಂದೆ ಯೋಚನೆಯಿದೆ. ಮೇಜು ಸೊಂಟದೆತ್ತರಕ್ಕಿರುವುದರಿಂದ ನೆಲಕ್ಕೆ ಬಗ್ಗಿ ಬೆನ್ನು ಮುರಿದುಕೊಳ್ಳಬೇಕಾಗಿಲ್ಲ. ಅನ್ನದ ಅಗುಳು ಜಾಲರಿಯಿಂದ ಕೆಳಗೆ ಬೀಳುತ್ತದೆ, ಬಾಟಲಿ, ಲೋಟ, ಕಾಗದ ಮೇಲುಳಿಯುತ್ತವೆ. ಅಯಸ್ಕಾಂತಕ್ಕೆ ಕಬ್ಬಿಣದ ಮುಚ್ಚಳ ಅಂಟುತ್ತದೆ, ಅಲ್ಯೂಮಿನಿಯಂ ಹಾಳೆ ಅಂಟುವುದಿಲ್ಲ. ನೀರಿನ ಬಾಟಲಿಯನ್ನು ತುಂಡು ಮಾಡಿ ಟಬ್ಬಿಗೆ ಹಾಕಿದರೆ ಬಾಟಲಿಯ ತುಂಡು ಮುಳುಗುತ್ತದೆ, ಅದೇ ಬಾಟಲಿಯ ಮುಚ್ಚಳ ತೇಲುತ್ತದೆ. ಎರಡೂ ಪ್ಲಾಸ್ಟಿಕ್ಕೇ, ಆದರೆ ಜಾತಿ ಬೇರೆ, ಬೆಲೆಯೂ ಬೇರೆ. ಸ್ಥಳದಲ್ಲೇ ಹೀಗೆ ಬೇರ್ಪಟ್ಟದ್ದು ಗುಜರಿಗೆ ಹೋಗಿ ಮತ್ತೆ ವಸ್ತುವಾಗುತ್ತದೆ. ಬೇರ್ಪಡದೆ ಲಾರಿ ಹತ್ತಿದ್ದು ಗುಡ್ಡೆ ಸೇರುತ್ತದೆ.

ನಾನು ನೋಡುತ್ತಿದ್ದಂತೆಯೇ ಒಬ್ಬಾಕೆ ಥಟ್ಟನೆ ಕೈ ಹಿಂದಕ್ಕೆಳೆದರು. ಬಿರಿಯಾನಿ ಅನ್ನ ತುಂಬಿದ್ದ ಕಾಗದದ ತಟ್ಟೆಯೊಳಗೆ ಒಡೆದ ಗಾಜಿನ ಚೂರು. ರಬ್ಬರಿನ ಕೈಗವಸು ಹರಿದು ಬೆರಳಿನಿಂದ ರಕ್ತ ಬಂತು. ನನ್ನ ಪಕ್ಕದಲ್ಲಿದ್ದ ಒಬ್ಬರು, ಸಜ್ಜನರೇ, ಐದು ಹೊತ್ತಿನ ನಮಾಝಿಗರು, ಮರುಕದಿಂದಲೇ ಹೇಳಿದರು: "ಏನು ಮಾಡುವುದು, ಅದು ಅವರ ಕೆಲಸ. ಸಂಬಳ ಕೊಡುತ್ತಾರಲ್ಲ."

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಓದುಗರೇ, ನೀವೇ ಹೇಳಿ. ಒಂದು ವಸ್ತು ನಮ್ಮ ಕೈಯಿಂದ ಹೊರಟಾಗ ಅದರ ಹೊಣೆಯೂ ನಮ್ಮಿಂದ ಹೊರಟುಹೋಗುತ್ತದೆಯೇ?

ನಮ್ಮ ಹಿರಿಯ ಕರ್ಮಶಾಸ್ತ್ರ ವಿದ್ವಾಂಸರು ಈ ಪ್ರಶ್ನೆಯನ್ನು ಎದುರಿಸದೆ ಬಿಟ್ಟಿಲ್ಲ. ಕರಾವಳಿಯ ನಮಗೆಲ್ಲ ಪರಿಚಿತವಾದ ಇಮಾಮ್ ನವವಿಯವರ ಮಿನ್ಹಾಜ್ ಗ್ರಂಥದಲ್ಲಿ ಕಸ ಮತ್ತು ಕಲ್ಲಂಗಡಿ ಸಿಪ್ಪೆಯ ವಿಷಯವಿದೆ. ಒಬ್ಬನು ಅದನ್ನು ದಾರಿಯಲ್ಲಿ ಎಸೆದು, ಅದರಿಂದ ಇನ್ನೊಬ್ಬನಿಗೆ ಹಾನಿಯಾದರೆ ಎಸೆದವನು ಪರಿಹಾರ ಕೊಡಬೇಕೆಂಬುದೇ ಅಲ್ಲಿ ಸರಿಯೆಂದು ಎತ್ತಿಹಿಡಿದ ಅಭಿಪ್ರಾಯ. ಎಸೆದವನಿಗೆ ಆ ದಾರಿಹೋಕನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಅವನಿಗೆ ಕೇಡು ಮಾಡುವ ಉದ್ದೇಶವೂ ಇಲ್ಲ. ಆದರೂ ಹೊಣೆ ಅವನ ಬೆನ್ನು ಬಿಡಲಿಲ್ಲ. ಇಮಾಮ್ ನವವಿ ತೀರಿಕೊಂಡದ್ದು 1277ರಲ್ಲಿ. ಏಳು ಶತಮಾನಗಳಿಗೂ ಹಿಂದಿನ ಮಾತಿದು.

ಆ ಸಜ್ಜನರ ಪರವಾಗಿಯೂ ಒಂದು ಮಾತು ಹೇಳಬೇಕು. ಸಿಪ್ಪೆಯನ್ನು ಕಂಡೂ ಬೇಕೆಂದೇ ಅದರ ಮೇಲೆ ಕಾಲಿಟ್ಟವನ ವಿಷಯ ಬೇರೆಯೆಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಹಾಗಾದರೆ ಕಸದಲ್ಲಿ ಕೈ ಹಾಕುವ ಕೆಲಸಕ್ಕೆಂದೇ ಬಂದವರು ಅಪಾಯವನ್ನು ಅರಿತೇ ಒಪ್ಪಿದವರಲ್ಲವೇ? ನಾನು ಬಹಳ ಯೋಚಿಸಿದೆ. ಆಕೆ ಒಪ್ಪಿದ್ದು ಎಂಜಲನ್ನು, ದುರ್ವಾಸನೆಯನ್ನು. ಅನ್ನದೊಳಗೆ ಅಡಗಿದ ಗಾಜನ್ನು ಆಕೆ ಕಂಡಿರಲಿಲ್ಲ. ಅದನ್ನು ಕಂಡಿದ್ದವನು ಒಬ್ಬನೇ, ತಟ್ಟೆಯೊಳಗೆ ಹಾಕಿದವನು. ನಾನು ಫತ್ವಾ ಕೊಡುತ್ತಿಲ್ಲ, ಅದು ಉಲಮಾಗಳ ಕೆಲಸ. ಆದರೆ ಸಂಬಳವು ಶ್ರಮಕ್ಕೆ ಕೊಡುವ ಬೆಲೆ, ನಮ್ಮ ಅಸಡ್ಡೆಗೆ ಕೊಡುವ ಬೆಲೆಯಲ್ಲ ಎಂಬುದನ್ನು ತಿಳಿಯಲು ಫತ್ವಾ ಬೇಕೇ? ಮನುಷ್ಯರ ಹಕ್ಕಿಗೆ ಸಂಬಂಧಿಸಿದ ತಪ್ಪನ್ನು ಆ ಮನುಷ್ಯನೇ ಕ್ಷಮಿಸಬೇಕೆಂದು ಮದ್ರಸಾದಲ್ಲಿ ಕಲಿತವರು ನಾವು. ಹೆಸರೇ ತಿಳಿಯದ ಆಕೆಯನ್ನು ಹುಡುಕಿ ಕ್ಷಮೆ ಕೇಳುವುದು ಹೇಗೆ?

ಪ್ರವಾದಿವರ್ಯರ(ಸ) ಕಾಲದಲ್ಲಿ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಕಪ್ಪುವರ್ಣದ ಮಹಿಳೆಯ ಪ್ರಸಂಗ ನಿಮಗೆ ಗೊತ್ತಿರಬಹುದು. ಆಕೆ ಕಾಣದಿದ್ದಾಗ ಪ್ರವಾದಿವರ್ಯರು(ಸ) ವಿಚಾರಿಸಿದರು. ತೀರಿಹೋದರೆಂದು ಸಹಾಬಿಗಳು ತಿಳಿಸಿದರು. ತನಗೆ ತಿಳಿಸುವಷ್ಟು ದೊಡ್ಡ ವಿಷಯವಲ್ಲವೆಂದು ಅವರು ಎಣಿಸಿದ್ದಂತೆ ಕಂಡಿತು. ಪ್ರವಾದಿವರ್ಯರು(ಸ) ಆಕೆಯ ಸಮಾಧಿ ಎಲ್ಲಿದೆಯೆಂದು ಕೇಳಿ, ಅಲ್ಲಿಗೆ ಹೋಗಿ ಪ್ರಾರ್ಥಿಸಿದರು. ಕಸ ತೆಗೆಯುವವರು ನಮ್ಮ ಕಣ್ಣಿಗೆ ಬೀಳದಿರುವುದು ಹೊಸ ಕಾಯಿಲೆಯಲ್ಲ ಎಂದಾಯಿತು.

ಕಣ್ಣಿಗೆ ಬೀಳದ್ದು ಇಲ್ಲವಾಗುವುದಿಲ್ಲ. 2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಕಡೆಗೆ ಹರಿಯಿತು. ತೆಂಗು, ಅಡಿಕೆಯ ತೋಟಗಳು ಮುಳುಗಿದವು, ಜನರು ಮನೆ ಬಿಟ್ಟರು. ಆ ರಾಶಿಯಲ್ಲಿ ಎಷ್ಟೋ ಮದುವೆಗಳ ತಟ್ಟೆಗಳಿದ್ದವು. ನಮ್ಮವೂ ಇದ್ದಿರಬೇಕು.

ಸಲಕರಣೆ ಬಂತಲ್ಲ, ಇನ್ನೇನು ಎಂದು ಕೇಳಬಹುದು. ಜಾಲರಿ ಅಗುಳನ್ನು ಸೋಸುತ್ತದೆ, ಕಾಗದಕ್ಕೆ ಇಳಿದ ತುಪ್ಪವನ್ನು ಸೋಸುವುದಿಲ್ಲ. ಎಣ್ಣೆ ಹೀರಿದ ಕಾಗದ ಮತ್ತೆ ಕಾಗದವಾಗದು. ಒಳಗೆ ಪ್ಲಾಸ್ಟಿಕ್ ಪದರವಿರುವ ಚಹಾದ ಲೋಟವನ್ನು ಸಾಮಾನ್ಯ ಗುಜರಿಯವನು ಮುಟ್ಟುವುದಿಲ್ಲ. ತಟ್ಟೆ ಖಾಲಿ ಮಾಡಿ, ಲೋಟವನ್ನು ಬೇರೆ ಇಟ್ಟು, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಕೊಟ್ಟರೆ ಮಾತ್ರ ಆ ಮೇಜು ತನ್ನ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಅದೂ ನಮ್ಮ ಆತ್ಮಸಾಕ್ಷಿಗೆ ಒಂದು ಮರೆ, ಅಷ್ಟೇ. ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭ ನಡೆಸುವವರೇ ಕಸ ಬೇರ್ಪಡಿಸಬೇಕೆಂದು 2016ರ ಕೇಂದ್ರ ಸರಕಾರದ ನಿಯಮಗಳು ವಿಧಿಸಿದ್ದವು. ಎಷ್ಟು ವಲೀಮಾಗಳಲ್ಲಿ ಅದು ನಡೆಯಿತೋ ಅಲ್ಲಾಹನೇ ಬಲ್ಲ.

ನಾವೇ ಬೇರ್ಪಡಿಸಿದರೆ ಆ ಬಡವರ ಅನ್ನಕ್ಕೆ ಕಲ್ಲು ಹಾಕಿದಂತಾಗದೇ ಎಂದು ನನ್ನ ಮನೆಯಲ್ಲೇ ಕೇಳಿದರು. ಒಳ್ಳೆಯ ಪ್ರಶ್ನೆ. ಮಾರಿದ ಹಣ ಅವರಿಗೇ ಹೋಗುವುದಾದರೆ ನಷ್ಟವೇನಿಲ್ಲ. ಒಣಗಿದ, ಶುದ್ಧವಾದ ಸಾಮಾನಿಗೆ ಬೆಲೆಯೂ ಹೆಚ್ಚು, ಹೊತ್ತೂ ಉಳಿಯುತ್ತದೆ. ಅವರ ಕೂಲಿಯಲ್ಲಿ ಮಾತ್ರ ಕಡಿತ ಮಾಡಬಾರದು, ಅದು ಮೊದಲೇ ಮಾತಾಗಿರಬೇಕು.

ಅನೇಕ ಜಮಾಅತ್‌ಗಳಲ್ಲಿ ಮದುವೆಗೆಂದು ಬಿರಿಯಾನಿ ಬೇಯಿಸುವ ದೊಡ್ಡ ಪಾತ್ರೆಗಳನ್ನು ಇಟ್ಟಿರುತ್ತಾರೆ. ಅವುಗಳ ಪಕ್ಕದಲ್ಲೇ ಇಂಥ ಮೇಜೊಂದನ್ನು ಇಡಬಹುದು. ಊರಿನ ವೆಲ್ಡಿಂಗ್ ಅಂಗಡಿಯವನೇ ಮಾಡಿಕೊಡುತ್ತಾನೆ. ಜೊತೆಗೆ ನಾಲ್ಕು ಜೊತೆ ದಪ್ಪ ಚರ್ಮದ ಕೈಗವಸು ಇರಲಿ, ರಬ್ಬರಿನದು ಸಾಲದು. ಒಯ್ದವರು ತಾವೇ ತೊಳೆದು ತಂದಿಡಬೇಕು, ಬಿರಿಯಾನಿ ಪಾತ್ರೆಯ ಹಾಗೆಯೇ.