ಜೀರ್ಣ ಪಾದರಕ್ಷೆಯ ಧರ್ಮವಿಚಾರ

ಕಾರಣಗಳು ಕೂಡಿ ಉಂಟಾದ ಎಲ್ಲವೂ ಸವೆದು ಅಳಿಯತಕ್ಕದ್ದೆಂದು ಒಪ್ಪಿಕೊಂಡ ದರ್ಶನವೊಂದು, ಉಂಗುಷ್ಟ ಕಿತ್ತುಹೋದ ಚಪ್ಪಲಿಯನ್ನು ಹೊಲಿಸಿಕೊಂಡು ಮತ್ತೆ ಮೆಟ್ಟುವವನ ಬಗ್ಗೆ ಏನು ಹೇಳೀತು ಎಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವೆನಿಸಿದರೂ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಬಿಡಬೇಕಾದುದನ್ನು ಬಿಡಲಾರದವನು ತೇಪೆ ಹಾಕಿಸುತ್ತಾನೆಂದು ವಾದಿಸಿ ದುರಸ್ತಿಯನ್ನೇ ಆಸಕ್ತಿಯ, ಎಂದರೆ ವಸ್ತುವಿಗೆ ಅಂಟಿಕೊಳ್ಳುವ ಮನೋಭಾವದ, ಲಕ್ಷಣವೆಂದು ಗಣಿಸಲು ಅವಕಾಶವಿದೆ. ಜೀರ್ಣವಾದ ಬಟ್ಟೆಯನ್ನು ಕಳಚಿ ಹೊಸದನ್ನು ತೊಡುವ ಕ್ರಿಯೆಯನ್ನು ಭಗವದ್ಗೀತೆಯ ಎರಡನೆಯ ಅಧ್ಯಾಯವು ದೇಹಾಂತರಕ್ಕೆ ದೃಷ್ಟಾಂತವಾಗಿ ಬಳಸಿಕೊಂಡಿರುವುದರಿಂದ ಈ ವಾದಕ್ಕೆ ಒಂದಿಷ್ಟು ಗೌರವವೂ ಬಂದೀತು. ಆದರೆ ದೃಷ್ಟಾಂತವು ಆತ್ಮದ ವಿಷಯವಾಗಿ ಹೇಳಿದುದೇ ಹೊರತು ಬಟ್ಟೆಬರೆಯ ವಿಷಯವಾಗಿ ಕೊಟ್ಟ ವಿಧಿಯಲ್ಲ. ದಿನಬಳಕೆಯ ವಸ್ತು ಎಷ್ಟು ಸವೆದರೆ ಬಿಡಬೇಕು, ಎಷ್ಟರವರೆಗೆ ಸರಿಪಡಿಸಿಕೊಳ್ಳಬೇಕು ಎಂಬುದನ್ನು ವಿಧಿರೂಪದಲ್ಲಿ ಚರ್ಚಿಸಿದ ಗ್ರಂಥ ಬೇಕೆಂದರೆ ಬೌದ್ಧ ಭಿಕ್ಷುಗಳ ನಡಾವಳಿಯನ್ನು ಹೇಳುವ ವಿನಯಪಿಟಕವನ್ನೇ ನೋಡಬೇಕಾಗುತ್ತದೆ.

ವಿನಯಪಿಟಕದ ಮಹಾವಗ್ಗದಲ್ಲಿ ಐದನೆಯ ವಿಭಾಗವಾದ ಚಮ್ಮಕ್ಖಂಧಕವು ತೊಗಲಿನ ವಸ್ತುಗಳಿಗೆ ಮೀಸಲಾಗಿದೆ. ಸಿರಿವಂತರ ಮನೆಯಿಂದ ಬಂದ ಸೋಣ ಕೋಳಿವಿಸನೆಂಬ ಭಿಕ್ಷು ರಾಜಗೃಹದ ಸಮೀಪದ ಸೀತವನದಲ್ಲಿ ಅಂಗಾಲು ಒಡೆದು ನೆತ್ತರು ಹರಿಯುವವರೆಗೆ ಚಂಕ್ರಮಣವನ್ನು, ಅಂದರೆ ಧ್ಯಾನದ ನಡಿಗೆಯನ್ನು, ಮಾಡಿದಾಗ ಬುದ್ಧನು ಅವನಿಗೆ ಒಂದೇ ಪದರದ ಅಟ್ಟೆಯುಳ್ಳ ಪಾದರಕ್ಷೆಯನ್ನು ಅನುಮತಿಸಿದನೆಂದೂ, ತನಗೊಬ್ಬನಿಗೇ ಸಲ್ಲುವ ಸೌಕರ್ಯವನ್ನು ಸೋಣನು ಒಲ್ಲದೆ ಇದ್ದುದರಿಂದ ಅದು ಸಂಘಕ್ಕೆಲ್ಲ ಅನ್ವಯವಾಯಿತೆಂದೂ ಅಲ್ಲಿ ಹೇಳಿದೆ. ಹಲವು ಪದರದ ಅಟ್ಟೆ ಭೋಗದ ಗುರುತಾದುದರಿಂದ ಅದು ನಿಷಿದ್ಧವಾಯಿತು. ನೀಲಿ, ಹಳದಿ, ಕೆಂಪು ಬಣ್ಣದವು, ನವಿಲುಗರಿ ಹೊಲಿದವು, ಚೇಳಿನ ಬಾಲದಂತೆ ತುದಿ ಬಾಗಿದವು ಒಂದೊಂದಾಗಿ ನಿಷೇಧದ ಪಟ್ಟಿಗೆ ಸೇರಿದುದನ್ನು ನೋಡಿದರೆ ಅಂದಿನ ಚಮ್ಮಾರರ ಕೈಚಳಕವೆಷ್ಟಿತ್ತೆಂಬುದೂ ತಿಳಿಯುತ್ತದೆ. ಇಷ್ಟಾದ ಮೇಲೆ ಗ್ರಂಥವು ಒಂದು ವಿಲಕ್ಷಣವಾದ ಅಪವಾದವನ್ನು ಸೇರಿಸುತ್ತದೆ. ಬುದ್ಧನ ಹಿಂದೆ ಕುಂಟುತ್ತ ಬರುತ್ತಿದ್ದ ಭಿಕ್ಷುವನ್ನು ಕಂಡ ಗೃಹಸ್ಥನೊಬ್ಬನು ತಾನು ಮೆಟ್ಟಿದ್ದ ಹಲವು ಪದರದ ಜೋಡನ್ನು ಕಳಚಿ ಕೊಡಲು ಮುಂದಾದಾಗ ಭಿಕ್ಷು ನಿಷೇಧವನ್ನು ನೆನೆದು ನಿರಾಕರಿಸುತ್ತಾನೆ, ಬುದ್ಧನಾದರೋ ತೆಗೆದುಕೊಳ್ಳಲು ಹೇಳುತ್ತಾನೆ; ಅಂದಿನಿಂದ ಪದರಪದರದ ಪಾದರಕ್ಷೆ ಹೊಸದಾದರೆ ದೋಷ, ಮತ್ತೊಬ್ಬರು ಮೆಟ್ಟಿ ಬಿಟ್ಟುದಾದರೆ ನಿರ್ದೋಷ ಎಂಬ ನಿಯಮ ನೆಲೆಗೊಂಡಿತು. ಪದರಗಳ ಸಂಖ್ಯೆ ಎರಡು ಸಂದರ್ಭಗಳಲ್ಲೂ ಒಂದೇ ಆಗಿರುವುದರಿಂದ, ದೋಷವಿದ್ದುದು ತೊಗಲಿನಲ್ಲಲ್ಲ, ಹೊಸತನಕ್ಕೆ ಅಂಟಿಕೊಂಡಿದ್ದ ಹಮ್ಮಿನಲ್ಲಿ ಎಂದು ತಿಳಿಯಬೇಕಾಗುತ್ತದೆ. ಸವೆತವು ಆ ಹಮ್ಮನ್ನು ಕಳೆಯುತ್ತದೆ. ಗಟ್ಟಿ ನೆಲದ, ದನಗಳ ಗೊರಸಿನಿಂದ ತುಳಿದು ಒರಟಾದ ಅವಂತಿಯಂಥ ಗಡಿನಾಡುಗಳಿಗೆ ಮುಂದೆ ಹೊಸತರಲ್ಲೂ ವಿನಾಯಿತಿ ದೊರೆತುದು ಈ ಶಾಸನದ ವಿವೇಕಕ್ಕೆ ಸಾಕ್ಷಿ.

ದುರಸ್ತಿಯ ವಿಷಯವನ್ನು ವಿನಯವು ನೇರವಾಗಿ ಎತ್ತುವುದು ಭಿಕ್ಷಾಪಾತ್ರೆಯ ಪ್ರಸಂಗದಲ್ಲಿ. ಐದಕ್ಕಿಂತ ಕಡಿಮೆ ಬಂಧನಗಳಿರುವ, ಅಂದರೆ ಐದು ಕಡೆಯಾದರೂ ಬಿಗಿದು ಸರಿಪಡಿಸಿರದ, ಪಾತ್ರೆಯನ್ನು ಉಳ್ಳ ಭಿಕ್ಷು ಹೊಸದನ್ನು ಕೇಳಿ ಪಡೆದರೆ ಅದನ್ನು ಸಂಘಕ್ಕೆ ಒಪ್ಪಿಸಬೇಕು. ಆ ಪಾತ್ರೆಯನ್ನು ಹಿರಿಯರಿಂದ ಮೊದಲ್ಗೊಂಡು ಒಬ್ಬೊಬ್ಬರ ಮುಂದಿಟ್ಟು, ಬೇಕೆಂದವರು ತಮ್ಮದನ್ನು ಬದಲಿಸಿಕೊಳ್ಳುತ್ತ ಹೋಗಿ, ಕೊನೆಗೆ ಉಳಿದ ಯಾರಿಗೂ ಬೇಡವಾದ ಪಾತ್ರೆ ತಪ್ಪಿತಸ್ಥನ ಪಾಲಾಗುತ್ತದೆ, ಅದು ಒಡೆಯುವವರೆಗೂ ಅವನು ಅದನ್ನೇ ಇಟ್ಟುಕೊಳ್ಳಬೇಕು. ಇದರಲ್ಲಿ ನವಿರಾದ ಹಾಸ್ಯವೂ ಇದೆಯೆಂದರೆ ತಪ್ಪಾಗದು. ಕೌಶಾಂಬಿಯ ಉದೇನ ರಾಜನು ಐನೂರು ಚೀವರಗಳ ದಾನವನ್ನು ಸ್ವೀಕರಿಸಿದ ಆನಂದನನ್ನು ಪ್ರಶ್ನಿಸಿದಾಗ ದೊರೆತ ಉತ್ತರವೂ ಇದೇ ಜಾಡಿನದು: ಹಳೆಯ ಚೀವರವು ಹೊದಿಕೆಯಾಗಿ, ಹಾಸಿಗೆಯ ಗವಸಣಿಗೆಯಾಗಿ, ನೆಲಹಾಸಾಗಿ, ಕಾಲೊರಸಾಗಿ, ದೂಳು ಕೊಡಹುವ ಚಿಂದಿಯಾಗಿ, ಕಟ್ಟಕಡೆಗೆ ಕೊಚ್ಚಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಬಳಿಯುವ ಸಾರಣೆಯಾಗಿ ಸಲ್ಲುತ್ತದೆ. ಅನಿತ್ಯತೆಯನ್ನು ಕಂಡವರೇ ವಸ್ತುವಿನ ಆಯುಸ್ಸನ್ನು ಇಷ್ಟು ಜತನದಿಂದ ಲಂಬಿಸಿದ್ದಾರೆ, ಮತ್ತು ಇದರಲ್ಲಿ ವಿರೋಧವೇನೂ ಇಲ್ಲ. ಹೊಸದನ್ನು ಬಯಸುವುದೂ ತೃಷ್ಣೆಯೇ ಆದುದರಿಂದ ಹಳೆಯದರ ದುರಸ್ತಿ ಆ ತೃಷ್ಣೆಗೆ ಹಾಕಿದ ಕಟ್ಟೆಯಾಗುತ್ತದೆ.

ಸವೆತಕ್ಕೆ ಇದೇ ದೇಶದ ಮತ್ತೊಂದು ಶಾಸ್ತ್ರವು ಕೊಟ್ಟ ಅರ್ಥ ಪೂರ್ತಿ ಬೇರೆ. ವೇದಾಧ್ಯಯನ ಮುಗಿಸಿದ ಸ್ನಾತಕನು ಇತರರು ಧರಿಸಿದ ಪಾದರಕ್ಷೆಯನ್ನೂ ವಸ್ತ್ರವನ್ನೂ ಧರಿಸಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ವಿಧಿಸುತ್ತದೆ. ಹತ್ತನೆಯ ಅಧ್ಯಾಯವು ಎಂಜಲು ಅನ್ನದ ಜೊತೆಗೆ ಜೀರ್ಣವಸ್ತ್ರಗಳನ್ನೂ ಸೇವಕನಾದ ಶೂದ್ರನಿಗೆ ಕೊಡಬೇಕೆನ್ನುತ್ತದೆ. ಬೌದ್ಧ ವಿನಯದಲ್ಲಿ ಹಮ್ಮನ್ನು ಕಳೆದ ಸವೆತವು ಇಲ್ಲಿ ಮತ್ತೊಬ್ಬರ ದೇಹದ ಮೈಲಿಗೆಯನ್ನು ಹೊತ್ತು, ಮೇಲಿನವರಿಂದ ಕೆಳಗಿನವರಿಗೆ ಮಾತ್ರ ಇಳಿಯುವ ವಸ್ತುವಾಗುತ್ತದೆ. ದುರಸ್ತಿಯು ಈ ಎರಡರ ನಡುವಿನ ಕಗ್ಗಂಟು: ಚಪ್ಪಲಿ ಅದರ ಒಡೆಯನ ಬಳಿಯೇ ಉಳಿಯುತ್ತದೆ, ಆದರೆ ನಡುವೆ ಒಮ್ಮೆ ಹೊಲಿಯುವವನ ತೊಡೆಯ ಮೇಲೆ ಕುಳಿತು ಬರುತ್ತದೆ, ಮತ್ತು ಆ ಹೊಲಿಯುವವನನ್ನೇ, ಅವನ ಅನ್ನವುಂಡರೆ ಕೀರ್ತಿ ನಾಶವಾಗುತ್ತದೆಂದು ಹೇಳಿ, ಅದೇ ಸ್ಮೃತಿ ದೂರವಿಟ್ಟಿದೆ.

ಹೊಲಿದು ಬಂದ ಚಪ್ಪಲಿ ಅದೇ ಚಪ್ಪಲಿಯೋ ಎಂಬ ತರ್ಕಪ್ರಶ್ನೆಯನ್ನು ಪಂಡಿತರು ಹೆಚ್ಚು ಆಸ್ಥೆಯಿಂದ ಬೆಳೆಸಿದ್ದಾರೆ. ನಾಗಸೇನನು ಮಿಲಿಂದರಾಜನಿಗೆ ರಥವನ್ನು ಬಿಡಿಸಿ ತೋರಿಸಿದಂತೆ ಬೌದ್ಧರಿಗೆ ಅಟ್ಟೆ, ಬಾರು, ದಾರಗಳನ್ನು ಬಿಟ್ಟು ಚಪ್ಪಲಿಯೆಂಬ ಬೇರೆ ವಸ್ತುವಿಲ್ಲ; ಅವಯವಗಳಿಗಿಂತ ಬೇರೆಯಾದ ಅವಯವಿಯನ್ನು, ಎಂದರೆ ಭಾಗಗಳಲ್ಲಿ ನೆಲೆಸಿದ ಇಡಿಯನ್ನು, ಒಪ್ಪುವ ನೈಯಾಯಿಕರ ಪ್ರಕಾರ ಒಂದೆಳೆ ಕಳಚಿದರೂ ಹಳೆಯ ವಸ್ತ್ರ ನಾಶವಾಗಿ ಖಂಡಪಟವೆಂಬ ಹೊಸದು ಹುಟ್ಟುತ್ತದೆ. ಉತ್ಪಾದ, ವ್ಯಯ, ಧ್ರೌವ್ಯ, ಅಂದರೆ ಹುಟ್ಟು, ಅಳಿವು, ಉಳಿವು, ಈ ಮೂರೂ ಏಕಕಾಲದಲ್ಲಿ ಕೂಡಿರುವುದೇ ಸತ್ತೆಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುವುದು ತೇಪೆ ಹಾಕಿದ ಚಪ್ಪಲಿಗೆ ಎಲ್ಲಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ಪಾದರಕ್ಷೆಯನ್ನೇ ತೊರೆದು ಬರಿಗಾಲಲ್ಲಿ ನಡೆಯುವ ಜೈನ ಮುನಿಗಳ ದರ್ಶನದಿಂದ ಈ ಒಪ್ಪಿಗೆ ಬಂದುದು ಸೋಜಿಗ. ಆದರೆ ಈ ವಾದಗಳಾವುವೂ ಹೊಲಿಯುವ ಕೈಯನ್ನು ಗಮನಿಸುವುದಿಲ್ಲ.

ಅದನ್ನು ಗಮನಿಸಿದವರು ಹನ್ನೆರಡನೆಯ ಶತಮಾನದ ಶರಣರು. ಕಾಯಕ, ಅಂದರೆ ಜೀವನೋಪಾಯವೂ ಶಿವಪೂಜೆಯೂ ಆದ ದುಡಿಮೆ, ಎಂಬ ಅವರ ತತ್ತ್ವದಲ್ಲಿ ಪಾದರಕ್ಷೆಯ ಕೆಲಸ ಹೀನವಾಗಿ ಉಳಿಯಲಿಲ್ಲ. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ ಮೊದಲಾದ ತೊಗಲಿನ ಕೆಲಸದ ಸಲಕರಣೆಗಳು ದೇವರ ಹೆಸರಿನೊಂದಿಗೆ ಕೂಡಿ ನಿಂತಿವೆ. ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ಬಸವಣ್ಣನ ಪ್ರತಿವಂದನೆಯ ಋಣ ತೀರಿಸಲು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ಅರ್ಪಿಸಿದರೆಂಬ, ಬಸವಣ್ಣನು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟು ಗೌರವಿಸಿದನೆಂಬ ಪರಂಪರೆಯ ಕಥೆ ಈ ನಾಡಿನಲ್ಲಿ ಎಲ್ಲರಿಗೂ ತಿಳಿದುದು. ಆದರೂ ಒಂದು ಮಾತು ಹೇಳಬೇಕಾಗಿದೆ: ನಂದಿಗ್ರಾಮದಲ್ಲಿ ಭರತನು ಪೂಜಿಸಿದ ಪಾದುಕೆಗಳಂತೆ ಈ ಚಮ್ಮಾವುಗೆಗಳೂ ಬಳಕೆಯಿಂದಾಚೆ ಹೋದವು, ಹಾಗಾಗಿ ಸವೆಯಲಿಲ್ಲ, ದುರಸ್ತಿಯನ್ನೂ ಬೇಡಲಿಲ್ಲ. ಪೂಜೆಗೆ ಸಂದ ಪಾದರಕ್ಷೆಗೆ ದೊರೆತ ಮಾನ ಬೀದಿಬದಿಯಲ್ಲಿ ಕುಳಿತು ಸಾಮಾನ್ಯರ ಹರಕು ಚಪ್ಪಲಿ ಹೊಲಿಯುವವನಿಗೆ ದೊರೆಯಲಿಲ್ಲವೆಂಬುದು ಕಥೆಯ ದೋಷವಲ್ಲದಿದ್ದರೂ, ಕಥೆಯನ್ನು ಕೊಂಡಾಡುತ್ತಲೇ ಅವನೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡುವವರ ದೋಷ ಖಂಡಿತ.

ಈಚೆಗೆ ಪ್ರಶ್ನೆ ಇನ್ನೊಂದು ತಿರುವು ಪಡೆದಿದೆ. ಅಥಣಿ, ನಿಪ್ಪಾಣಿ ಕಡೆಯ ಸಾಂಪ್ರದಾಯಿಕ ಚಪ್ಪಲಿಯಲ್ಲಿ ಅಟ್ಟೆಯ ಪದರಗಳನ್ನು ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವುದರಿಂದ ಬಿಚ್ಚಿ ಮತ್ತೆ ಹೊಲಿಯಲು ಬರುತ್ತದೆ. ಚಾರಣಕ್ಕೆಂದು ಮಾರಾಟವಾಗುವ ಅನೇಕ ಸ್ಯಾಂಡಲ್‌ಗಳಲ್ಲಾದರೋ ಪಾಲಿಯುರೆಥೇನ್ ಎಂಬ ನೊರೆರೂಪದ ಕೃತಕ ವಸ್ತುವನ್ನು ಅಚ್ಚಿಗೆ ಸುರಿದು ಅಟ್ಟೆ ಮಾಡುತ್ತಾರೆ. ಗಾಳಿಯ ತೇವದಿಂದ ಅದರ ಅಣುಬಂಧಗಳು ಕಡಿಯುವ ಜಲವಿಭಜನೆಯೆಂಬ ಕ್ರಿಯೆ ನಡೆಯುವುದರಿಂದ, ಮೆಟ್ಟದೆ ಕಪಾಟಿನಲ್ಲಿ ಜೋಪಾನ ಮಾಡಿದರೂ ಕೆಲವು ವರ್ಷಗಳಲ್ಲಿ ಅದು ಪುಡಿಯಾಗಿ ಉದುರುತ್ತದೆ. ಬಾರನ್ನು ಹೊಲಿಯಬಹುದು, ಬಕಲನ್ನು ಬದಲಿಸಬಹುದು, ಆದರೆ ಹಿಟ್ಟಾದ ಅಟ್ಟೆಯಲ್ಲಿ ಸೂಜಿ ನಿಲ್ಲುವುದಿಲ್ಲ. ಎರಡು ಅಂಗುಲದಷ್ಟೂ ಬಿರುಕಿಲ್ಲದ ಪಾತ್ರೆಯನ್ನು ವಿನಯವು ಬಂಧನಕ್ಕೆ ಅವಕಾಶವಿಲ್ಲದ್ದೆಂದು ಕರೆದು, ಅಂಥದ್ದು ಕೈಯಲ್ಲಿರುವಾಗ ಹೊಸದನ್ನು ಕೇಳುವುದನ್ನು ತಡೆದಿತ್ತು; ಅಲ್ಲಿ ಅವಕಾಶವಿಲ್ಲದುದು ಪಾತ್ರೆ ಗಟ್ಟಿಯಾಗಿದ್ದುದರಿಂದ. ಇಲ್ಲಿ ಅವಕಾಶವಿಲ್ಲದುದು ತಯಾರಿಸಿದವನು ಅದನ್ನು ಇಡದೆ ಹೋದುದರಿಂದ, ಆದುದರಿಂದ ಎಷ್ಟು ಬಂಧನಗಳಾಗಿವೆ ಎಂದು ಭಿಕ್ಷುವನ್ನು ಕೇಳುತ್ತಿದ್ದ ಸಂಘದ ಪ್ರಶ್ನೆ ಇಂದು ಮೆಟ್ಟುವವನಿಗಿಂತ ಮೊದಲು ಆ ಅಚ್ಚನ್ನು ರೂಪಿಸಿದವನಿಗೆ ಸಲ್ಲುತ್ತದೆ.