ಒಂಟೆ ಕಟ್ಟಿ ಭರವಸೆ ಇಡಿ



ಸಕ್ಕರೆ ಕಾಯಿಲೆಗೆ ಇನ್ನು ಇನ್ಸುಲಿನ್ ಬೇಕೆಂದು ವೈದ್ಯರು ಹೇಳಿದೊಡನೆ ದೇವದುರ್ಗ, ಮಾನ್ವಿಯ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತಿದು: ‘ಅಲ್ಲಾಹನ ಮೇಲಿನ ಭರವಸೆ ಸಾಲದೇ? ಸೂಜಿಯೇಕೆ?’ ಹೀಗೆಂದು ಸೂಜಿ ಬಿಟ್ಟ ನನ್ನ ಸೋದರಮಾವ ಕಾಲ್ಬೆರಳು ಕಳೆದುಕೊಂಡರು. ಅಂದು ನಾನೂ ಸುಮ್ಮನಿದ್ದೆ. ಅದು ನನ್ನ ತಪ್ಪು.

ಒಂಟೆಯನ್ನು ಕಟ್ಟಿ, ಆಮೇಲೆ ಭರವಸೆ ಇಡಬೇಕೆಂದು ಪ್ರವಾದಿಯವರು(ಸ) ಕಲಿಸಿದರು. ಚಿಕಿತ್ಸೆ ಪಡೆಯಲೂ ಹೇಳಿದರು. ದೇಹ ನಮ್ಮ ಸ್ವತ್ತಲ್ಲ, ಅಮಾನತ್ತು.

ಹಿಂದೆ ಇನ್ಸುಲಿನ್ನನ್ನು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಆ ಅಳುಕು ಈಗ ಬೇಡ. ಇಂದು ಸಾಮಾನ್ಯವಾಗಿ ಸಿಗುವ ಮಾನವ ಇನ್ಸುಲಿನ್ ಸೂಕ್ಷ್ಮಜೀವಿಗಳ ನೆರವಿನಿಂದ ತಯಾರಾಗುತ್ತದೆ.

ರಾಯಚೂರಿನ ಬಿಸಿಲಿಗೆ ಈ ಔಷಧಿ ಕೆಡುತ್ತದೆ. ಫ್ರಿಜ್ ಇಲ್ಲದಿದ್ದರೆ ನೀರು ಸೋಕದಂತೆ ಚೀಲದಲ್ಲಿ ಕಟ್ಟಿ ಮಣ್ಣಿನ ಮಡಕೆಯ ತಂಪಿನಲ್ಲಿಡಿ. ಚುಚ್ಚುವ ಜಾಗವನ್ನು ಬದಲಿಸುತ್ತಿರಿ. ನಡುಕ, ಬೆವರು ಬಂದರೆ ಉಪವಾಸದಲ್ಲಿದ್ದರೂ ತಡಮಾಡದೆ ಸಕ್ಕರೆ ತಿನ್ನಿ. ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ರಮಝಾನಿಗೆ ಮುನ್ನವೇ ವೈದ್ಯರನ್ನು ಕೇಳಿ.

ಬಿಸ್ಮಿಲ್ಲಾ ಹೇಳಿ ಸೂಜಿ ಹಿಡಿಯಿರಿ. ಮದ್ದು ನಮ್ಮ ಕೈಯಲ್ಲಿದೆ, ಶಿಫಾ ಅವನ ಕೈಯಲ್ಲಿದೆ. ಅಲ್ಲಾಹನು ನಮ್ಮ ರೋಗಿಗಳೆಲ್ಲರಿಗೂ ಅದನ್ನು ಕರುಣಿಸಲಿ. ಆಮೀನ್.