ದಮ್ಮಿನ ಅಳತೆ

ದಮ್ಮು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುವವನಿಗೆ ದಮ್ಮಿಲ್ಲವೆನ್ನುತ್ತೇವೆ. ಜಗಳಕ್ಕೆ ನಿಂತವನು "ದಮ್ಮಿದ್ದರೆ ಬಾ" ಎನ್ನುತ್ತಾನೆ. ಮೊದಲನೆಯದು ಉಸಿರಿನ ಮಾತು, ಎರಡನೆಯದು ಎದೆಗಾರಿಕೆಯದು. ಕ್ರೀಡಾವಿಜ್ಞಾನಿಗಳು ಅಳೆಯಹೊರಟಿರುವುದು ಉಸಿರನ್ನು. ಆದರೆ ಮನುಷ್ಯನನ್ನು ಬಯಲಿನಲ್ಲಿ ಓಡಿಸಿ ನೋಡಿದಾಗ ಕೈಗೆ ಸಿಕ್ಕುವುದು ಎರಡೂ ಬೆರೆತ ದಮ್ಮು.

ದೇಹವು ನಿಮಿಷವೊಂದಕ್ಕೆ ಹೆಚ್ಚೆಂದರೆ ಎಷ್ಟು ಆಮ್ಲಜನಕವನ್ನು ಬಳಸಬಲ್ಲದೆಂದು ನೇರವಾಗಿ ತಿಳಿಯಲು ಪ್ರಯೋಗಶಾಲೆ, ಯಂತ್ರ, ಮುಖಕ್ಕೆ ಕವಚ ಎಲ್ಲವೂ ಬೇಕು. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಸುಲಭದ ದಾರಿಯೊಂದನ್ನು ತೋರಿಸಿದ: 12 ನಿಮಿಷ ಓಡಿಸಿ, ದೂರವನ್ನು ಅಳೆಯಿರಿ. 2400 ಮೀಟರ್ ಓಡಿದವನ ಶಕ್ತಿ, ಅವನ ಸೂತ್ರದಂತೆ, ದೇಹತೂಕದ ಕಿಲೋ ಒಂದಕ್ಕೆ ನಿಮಿಷಕ್ಕೆ ಸುಮಾರು 42 ಮಿಲಿಲೀಟರ್. ಒಂದು ಗಡಿಯಾರ, ಒಂದು ಬಯಲು ಇದ್ದರಾಯಿತು. ಬಡ ಶಾಲೆಯ ವ್ಯಾಯಾಮದ ಮೇಷ್ಟ್ರಿಗೂ ಎಟಕುವ ವಿಜ್ಞಾನವಿದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಕೂಪರ್ ಪರೀಕ್ಷಿಸಿದ 115 ಮಂದಿಯಲ್ಲಿ ಓಟದ ದೂರಕ್ಕೂ ಯಂತ್ರದ ಅಳತೆಗೂ ಇದ್ದ ಸಹಸಂಬಂಧ 0.897. ಒಂದಾಗಿದ್ದರೆ ಚಾಚೂ ತಪ್ಪದ ಹೊಂದಿಕೆ. ಉಳಿದ ಕೊರತೆ ಗುಂಪಿನ ಲೆಕ್ಕದಲ್ಲಿ ಅಲ್ಪ. ಆದರೆ ಆಯ್ಕೆಯಾಗುವುದು, ಬಿಟ್ಟುಹೋಗುವುದು ಗುಂಪಲ್ಲ, ಒಬ್ಬೊಬ್ಬ ಮನುಷ್ಯ. ಆ ಕೊರತೆಯೊಳಗೆ ಸಿಕ್ಕಿಕೊಂಡವನಿಗೆ ಅದು ಅಲ್ಪವೆ?

ಡೆನ್ಮಾರ್ಕಿನ ಯೆನ್ಸ್ ಬ್ಯಾಂಗ್ಸ್‌ಬೋ ರೂಪಿಸಿದ ಯೋ-ಯೋ ಪರೀಕ್ಷೆಯನ್ನು ನಮ್ಮ ಕ್ರಿಕೆಟ್ ಓದುಗರು ಬಲ್ಲರು. 20 ಮೀಟರ್ ಹೋಗಿ ಬರಬೇಕು, 10 ಸೆಕೆಂಡು ವಿಶ್ರಾಂತಿ, ಮತ್ತೆ ಓಟ. ಸಂಜ್ಞೆಯ ಸದ್ದು ಬರಬರುತ್ತ ಅವಸರವಾಗುತ್ತದೆ. ಕಾಲು ಸೋತು ನಿಂತವನು ಯಾರು, ಮನಸ್ಸು ಸೋತು ನಿಂತವನು ಯಾರು? ಆಮ್ಲಜನಕದ ಬಳಕೆ ತುದಿ ಮುಟ್ಟಿತೇ ಎಂಬುದನ್ನು ಯಂತ್ರ ತೋರಿಸಬಲ್ಲದು. ಬಯಲಿನ ಪಟ್ಟಿಯಲ್ಲಿ ಬರೀ ಒಂದು ಅಂಕಿ ಉಳಿಯುತ್ತದೆ.

2018ರಲ್ಲಿ ಭಾರತ ತಂಡಕ್ಕೆ ಆ ಅಂಕಿ 16.1. ಐಪಿಎಲ್‌ನಲ್ಲಿ 602 ರನ್ ಹೊಡೆದು ಬಂದ ಅಂಬಟಿ ರಾಯುಡು ಬೆಂಗಳೂರಿನಲ್ಲಿ ಅದನ್ನು ಮುಟ್ಟಲಿಲ್ಲ. ಇಂಗ್ಲೆಂಡ್ ಪ್ರವಾಸ ಕೈತಪ್ಪಿತು. ಅದೇ ಜೂನ್‌ನಲ್ಲಿ ಸೋತ ಮಹಮ್ಮದ್ ಶಮಿಗೆ ಅಫ್ಘಾನಿಸ್ತಾನದ ವಿರುದ್ಧದ ಟೆಸ್ಟ್ ತಪ್ಪಿತು.

ಅಳತೆಗೋಲೇ ಬೇಡವೆನ್ನುವವರ ಪಕ್ಷ ನನ್ನದಲ್ಲ. ಅಂಕಿ ಇಲ್ಲದ ಕಾಲದಲ್ಲಿ ಆಯ್ಕೆಗಾರರ ಕಣ್ಣು ಯಾರ ಮೇಲೆ ಬೀಳುತ್ತಿತ್ತು, ಏಕೆ ಬೀಳುತ್ತಿತ್ತು ಎಂದು ಕೇಳುವಂತೆಯೂ ಇರಲಿಲ್ಲ. ಗುರುತುಪರಿಚಯವಿಲ್ಲದ ಊರಿನ ಹುಡುಗನಿಗೆ 16.1 ಎಂಬುದು ಶಿಫಾರಸಿಗಿಂತ ದೊಡ್ಡ ಆಸರೆ. ನನ್ನ ತಕರಾರು ಬೇರೆ. ಅಂದಾಜನ್ನು ಅಂದಾಜೆಂದು ಕರೆಯುವಷ್ಟು ಪ್ರಾಮಾಣಿಕತೆ ಅದನ್ನು ಕಂಡುಹಿಡಿದವರಿಗಿತ್ತು. ಬಳಸುವವರು ಅದನ್ನು ತೀರ್ಪು ಮಾಡಿಕೊಂಡರು. ತೀರ್ಪಿನ ಭಾರ ಅಂಕಿಯ ಹೆಗಲಿಗೆ ಹೋದರೆ ಮನುಷ್ಯನಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಅಷ್ಟೆ.

ಶಮಿ ಮುಂದೆ ಪರೀಕ್ಷೆ ಗೆದ್ದು ಇಂಗ್ಲೆಂಡಿಗೆ ಹೋಗಿ ಐದು ಟೆಸ್ಟ್‌ಗಳಲ್ಲಿ 16 ವಿಕೆಟ್ ಪಡೆದ. ಸೋತದ್ದರಿಂದಲೇ ಸಿದ್ಧನಾದನೆಂದು ಪರೀಕ್ಷೆಯ ಪಕ್ಷದವರು ಹೇಳಬಹುದು, ಅಲ್ಲವೆನ್ನಲಾರೆ. ರಾಯುಡುವೂ ಗೆದ್ದು ಸೆಪ್ಟೆಂಬರಿನ ಏಷ್ಯಾ ಕಪ್‌ಗೆ ಮರಳಿದ. ತಪ್ಪಿಹೋದ ಆ ಪ್ರವಾಸ ಮಾತ್ರ ಮರಳಲಿಲ್ಲ.